ಮೊದಲು ಕೈ ಮಾಡಿದ್ದು ಯಾರು? ಕರಾಟೆ, ಆತ್ಮರಕ್ಷಣೆ ಮತ್ತು ಕಾನೂನು

ಬಳ್ಳಾರಿ: ರೂಪನಗುಡಿಯಂಥ ಹೋಬಳಿ ಊರಿನ ಕಟ್ಟೆಯ ಮೇಲೆ ಕೂಡುವ ಹಿರಿಯರ ಪಂಚಾಯಿತಿಯೇ ಇರಲಿ, ನಗರದ ಪೊಲೀಸ್ ಠಾಣೆಯೇ ಇರಲಿ, ಹೊಡೆದಾಟದ ದೂರು ಬಂದೊಡನೆ ಕೇಳಲಾಗುವ ಮೊದಲ ಪ್ರಶ್ನೆ ಒಂದೇ: ‘ಮೊದಲು ಕೈ ಮಾಡಿದ್ದು ಯಾರು?’ ಕೈ ಮಾಡಿದವನದೇ ತಪ್ಪು ಎಂಬ ತೀರ್ಮಾನ ಆ ಪ್ರಶ್ನೆಯೊಳಗೇ ಅಡಗಿರುತ್ತದೆ. ಶಾಲೆಯ ಅಂಗಳದಲ್ಲಿ ಬಿಳಿ ಅಂಗಿ ತೊಟ್ಟು ಸಾಲಾಗಿ ನಿಂತ ಮಕ್ಕಳಿಗೆ ಕರಾಟೆ ಶಿಕ್ಷಕರು ಹೇಳಿಕೊಡುವ ಮೊದಲ ನೀತಿಯೂ ಬಹುತೇಕ ಅದೇ: ನೀನಾಗಿ ಮೊದಲು ಹೊಡೆಯಬಾರದು.

ನೀತಿ ಒಳ್ಳೆಯದೇ. ಆದರೆ ಕಟ್ಟೆಯ ಪ್ರಶ್ನೆ ಮತ್ತು ತರಗತಿಯ ನೀತಿ ಎರಡೂ ಸೇರಿ ಹದಿನೈದು ವರ್ಷದ ಹುಡುಗಿಯ ಮನಸ್ಸಿನಲ್ಲಿ ಒಂದು ಅಪಾಯಕರ ನಂಬಿಕೆಯನ್ನು ಬೇರೂರಿಸುತ್ತವೆ. ಎದುರಿನವನ ಏಟು ತನ್ನ ಮೈಮೇಲೆ ಬಿದ್ದ ನಂತರವೇ ತನ್ನ ಕೈ ಏಳಬೇಕು, ಅಲ್ಲಿಯವರೆಗೆ ತಾಳಿಕೊಳ್ಳಬೇಕು ಎಂಬುದೇ ಆ ನಂಬಿಕೆ. ಕರಾಟೆಯನ್ನು ಕಟ್ಟಿದ ಹಿರಿಯರು ಹಾಗೆ ಹೇಳಲಿಲ್ಲ. ಭಾರತದ ಕಾನೂನೂ ಹಾಗೆ ಹೇಳುವುದಿಲ್ಲ.

ಈ ತಪ್ಪು ತಿಳಿವಳಿಕೆಯನ್ನು ತಿದ್ದುವ ಅಗತ್ಯ ಈಗ ಹೆಚ್ಚಿದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಯಾದ ಮೇಲೆ ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರ ಓಡಾಟ ಗಣನೀಯವಾಗಿ ಏರಿದೆ. ಓದಿಗಾಗಿ, ಕೆಲಸಕ್ಕಾಗಿ ಹಳ್ಳಿಗಳಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಿಗೆ ಹೋಗಿ ಸಂಜೆ ಹೊತ್ತು ಮುಳುಗಿದ ಮೇಲೆ ಊರಿನ ಕೂಡುರಸ್ತೆಯಲ್ಲಿ ಇಳಿಯುವ ಹೆಣ್ಣುಮಕ್ಕಳು ಈಗ ಅಪರೂಪವಲ್ಲ. ಇನ್ನೊಂದೆಡೆ, ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ವಿದ್ಯಾರ್ಥಿನಿಯರಿಗೆ ‘ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ಪ್ರಶಿಕ್ಷಣ’ದ ಹೆಸರಿನಲ್ಲಿ ಮೂರು ತಿಂಗಳ ತರಬೇತಿ ನೀಡಲಾಗುತ್ತದೆ. ಬಸವರಾಜ ಬೊಮ್ಮಾಯಿ ಅವರು ಮುಖ್ಯಮಂತ್ರಿಯಾಗಿದ್ದ ಅವಧಿಯಲ್ಲಿ ರಾಜ್ಯ ಸರ್ಕಾರವು ವಿದ್ಯಾರ್ಥಿನಿಲಯಗಳ ಬಾಲಕಿಯರಿಗಾಗಿ ಒನಕೆ ಓಬವ್ವನ ಹೆಸರಿನಲ್ಲಿ ಇಂಥದೇ ತರಬೇತಿಯನ್ನು ಆರಂಭಿಸಿತು. ಹೆಸರು ಓಬವ್ವನದು. ಅಂಗಳದಲ್ಲಿ ಕಲಿಸುವುದು ಮಾತ್ರ ಹಲವೆಡೆ ಇನ್ನೂ ‘ತಡೆ, ಆಮೇಲೆ ಹೊಡೆ’ ಎಂಬ ಎಣಿಕೆಯ ಕವಾಯತು.

ಸೂತ್ರದ ಮೂಲ

ಕರಾಟೆಯಲ್ಲಿ ಮೊದಲ ಆಕ್ರಮಣಕ್ಕೆ ಎಡೆಯಿಲ್ಲ ಎಂಬ ಅರ್ಥದ ಸೂತ್ರವನ್ನು ಜನಪ್ರಿಯಗೊಳಿಸಿದವರು ಗಿಚಿನ್ ಫುನಾಕೋಶಿ (1868–1957). ಜಪಾನಿನ ದಕ್ಷಿಣದ ಓಕಿನಾವಾ ದ್ವೀಪದಲ್ಲಿ ಶಾಲಾ ಶಿಕ್ಷಕರಾಗಿದ್ದ ಅವರು 1922ರಲ್ಲಿ ಟೋಕಿಯೊಗೆ ಬಂದು ಈ ಕಲೆಯನ್ನು ಪ್ರದರ್ಶಿಸಿದರು. ಶೋಟೋಕಾನ್ ಶೈಲಿ ಅವರಿಂದ ಬೆಳೆಯಿತು. ಅವರು ಶಿಷ್ಯರಿಗೆ ಬರೆದುಕೊಟ್ಟ ಇಪ್ಪತ್ತು ಸೂತ್ರಗಳಲ್ಲಿ ಇದು ಎರಡನೆಯದು. ಕಾಮಾಕುರಾದ ಎಂಗಾಕುಜಿ ದೇವಾಲಯದ ಆವರಣದಲ್ಲಿರುವ ಅವರ ಸ್ಮಾರಕ ಶಿಲೆಯ ಮೇಲೂ ಇದನ್ನು ಕೆತ್ತಲಾಗಿದೆ.

ಆದರೆ ಇದೇ ಫುನಾಕೋಶಿ ತಮ್ಮ 1935ರ ಗ್ರಂಥದಲ್ಲಿ ಆತ್ಮರಕ್ಷಣೆಯ ಬಗ್ಗೆ ಬರೆಯುವಾಗ ಬೇರೆಯದೇ ಸೂಕ್ಷ್ಮವನ್ನು ಹೇಳುತ್ತಾರೆ. ಘರ್ಷಣೆಯನ್ನು ಮೊದಲೇ ತಪ್ಪಿಸಿಕೊಳ್ಳುವುದು ಉತ್ತಮ. ಓಡಿಹೋಗಲು ದಾರಿಯೇ ಇಲ್ಲವೆಂದಾದಾಗ ಹೊಡೆಯುವ ಉದ್ದೇಶವನ್ನು ಮುಖದ ಮೇಲೆ ತೋರಿಸದೆ, ಎದುರಾಳಿ ಮೈಮರೆಯುವಂತೆ ಮಾಡಿ, ಇಡೀ ಬಲವನ್ನು ಒಂದೇ ಏಟಿನಲ್ಲಿ ಆತನ ಮರ್ಮಸ್ಥಾನಕ್ಕೆ ಹಾಕಿ, ಆತ ಚೇತರಿಸಿಕೊಳ್ಳುವ ಮೊದಲು ಓಡಿ ನೆರವು ಪಡೆಯಬೇಕು ಎಂಬುದು ಅವರ ಸಲಹೆಯ ಸಾರಾಂಶ. ಅವನು ಹೊಡೆಯುವವರೆಗೆ ಕಾಯಬೇಕು ಎಂಬ ಷರತ್ತು ಇಲ್ಲಿ ಎಲ್ಲಿಯೂ ಇಲ್ಲ.

ಅವರ ಸಮಕಾಲೀನರು ಇನ್ನಷ್ಟು ನೇರವಾಗಿದ್ದರು. ಓಕಿನಾವಾದವರೇ ಆದ ಚೋಕಿ ಮೋಟೊಬು ಬೀದಿ ಕಾಳಗಗಳಲ್ಲಿ ಪಳಗಿದ ಮನುಷ್ಯ. ಐವತ್ತು ದಾಟಿದ ವಯಸ್ಸಿನಲ್ಲಿ ಕ್ಯೋಟೊದಲ್ಲಿ ವಿದೇಶಿ ಬಾಕ್ಸರ್‌ನನ್ನು ಕೆಡವಿ ಪತ್ರಿಕೆಗಳಲ್ಲಿ ಸುದ್ದಿಯಾದವರು. ಕರಾಟೆ ಎಂದರೆ ಮೊದಲ ಕೈಯೇ ಎಂದು ಆತ ಬಹಿರಂಗವಾಗಿ ವಾದಿಸುತ್ತಿದ್ದರು. ಶೀಟೋ-ರ್ಯು ಶೈಲಿಯ ಸ್ಥಾಪಕ ಕೆನ್ವಾ ಮಬುನಿ (1889–1952) ಈ ಎರಡು ನಿಲುವುಗಳ ನಡುವಿನ ಗಂಟನ್ನು 1938ರ ತಮ್ಮ ಪುಸ್ತಕದಲ್ಲಿ ಬಿಡಿಸಿದ್ದಾರೆ. ಸೂತ್ರವು ಜಗಳಗಂಟಿತನವನ್ನು ನಿಷೇಧಿಸುವ ಮನೋಧರ್ಮಕ್ಕೆ ಸಂಬಂಧಿಸಿದ್ದು, ಎದುರಾಳಿ ಕೇಡು ಮಾಡಲು ಸಿದ್ಧನಾಗಿರುವುದು ಸ್ಪಷ್ಟವಾದ ಮೇಲೂ ಅವನ ಮೊದಲ ಏಟಿಗೆ ಕಾಯಬೇಕೆಂದು ಅರ್ಥ ಮಾಡುವುದು ತಪ್ಪು ಎಂಬುದು ಅವರ ವಿವರಣೆ. ಬಳ್ಳಾರಿಯ ತರಗತಿಗಳಲ್ಲಿ ಈ ಎರಡನೆಯ ಅರ್ಧವೂ ಮೊದಲನೆಯದರಷ್ಟೇ ಗಟ್ಟಿಯಾಗಿ ಕೇಳಿಬರಬೇಕಿದೆ.

‘ತಡೆ, ಆಮೇಲೆ ಹೊಡೆ’ ಎಂಬ ಕವಾಯತು ಎಲ್ಲಿಂದ ಬಂತು? ಅದಕ್ಕೂ ಶಾಲೆಯ ಅಂಗಳಕ್ಕೂ ನಂಟಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಂಕೊ ಇಟೊಸು ಎಂಬ ಗುರು ಓಕಿನಾವಾದ ಶಾಲೆಗಳಲ್ಲಿ ಕರಾಟೆಯನ್ನು ಪಾಠವಾಗಿ ಅಳವಡಿಸಿದರು. ಮಕ್ಕಳಿಗೆಂದೇ ಐದು ‘ಪಿನಾನ್’ ಕಟಾಗಳನ್ನು ರೂಪಿಸಿದವರೂ ಅವರೇ. ಅವೇ ಇಂದು ‘ಹೇಯಾನ್’ ಎಂಬ ಹೆಸರಿನಲ್ಲೂ ಹಲವೆಡೆ ಬಳಕೆಯಲ್ಲಿವೆ. ನೂರಾರು ಮಕ್ಕಳು ಒಟ್ಟಿಗೆ, ಎಣಿಕೆಗೆ ತಕ್ಕಂತೆ, ಗಾಯವಾಗದ ಹಾಗೆ ಕಲಿಯಬೇಕಾದಾಗ ವಿದ್ಯೆಯ ಹರಿತ ಕಡಿಮೆಯಾಗುವುದು ಸಹಜ. ‘ಉಕೆ’ ಎಂಬ ಜಪಾನಿ ಪದಕ್ಕೆ ಸ್ವೀಕರಿಸುವುದು, ಬರಮಾಡಿಕೊಳ್ಳುವುದು ಎಂಬ ಅರ್ಥವಿದ್ದರೂ ಅದನ್ನು ಬರಿಯ ‘ಬ್ಲಾಕ್’ ಎಂದು ಕಲಿಸುವ ರೂಢಿ ಬೆಳೆಯಿತು.

ಮೂರು ಬಗೆಯ ‘ಸೆನ್’

ಜಪಾನಿನ ಸಮರಕಲೆಗಳಲ್ಲಿ ಮೊದಲ ಹೆಜ್ಜೆ ಯಾರ ಕೈಯಲ್ಲಿದೆ ಎಂಬುದನ್ನು ‘ಸೆನ್’ ಎಂಬ ಪದದಿಂದ ಗುರುತಿಸುತ್ತಾರೆ. ಹದಿನೇಳನೆಯ ಶತಮಾನದ ಖಡ್ಗವೀರ ಮಿಯಾಮೊಟೊ ಮುಸಾಶಿ ಕೂಡ ಇದನ್ನು ಮೂರು ಬಗೆಯಾಗಿ ವಿಂಗಡಿಸಿದ್ದ. ಇಂದಿನ ಕರಾಟೆ ತರಗತಿಗಳಲ್ಲಿ ಬಳಕೆಯಲ್ಲಿರುವ ವಿಂಗಡಣೆ ಹೀಗಿದೆ. ಎದುರಾಳಿಯ ಏಟನ್ನು ತಡೆದು ಅಥವಾ ತಪ್ಪಿಸಿ ತಿರುಗಿ ಹೊಡೆಯುವುದು ‘ಗೋ ನೊ ಸೆನ್’. ಅವನ ಏಟು ಹೊರಡುತ್ತಿರುವಾಗಲೇ ನಡುವೆ ನುಗ್ಗಿ ಹೊಡೆಯುವುದು ‘ಸೆನ್ ನೊ ಸೆನ್’. ಅವನು ಹೊಡೆಯಲು ನಿರ್ಧರಿಸಿದ್ದಾನೆ, ಆದರೆ ಕೈ ಇನ್ನೂ ಚಲಿಸಿಲ್ಲ ಎಂಬ ಕ್ಷಣವನ್ನು ಗ್ರಹಿಸಿ ಮೊದಲೇ ಕೆಡವುವುದು ‘ಸೆನ್ ಸೆನ್ ನೊ ಸೆನ್’.

ಮೂರನೆಯದು ಹೊರನೋಟಕ್ಕೆ ಆಕ್ರಮಣದಂತೆ ಕಂಡರೂ ಸಾರದಲ್ಲಿ ರಕ್ಷಣೆಯೇ. ಇದಕ್ಕೆ ಜಪಾನಿನ ಉದಾಹರಣೆಯನ್ನು ಹುಡುಕಬೇಕಿಲ್ಲ. ಬಳ್ಳಾರಿಯ ನೆರೆಯ ಜಿಲ್ಲೆಯಲ್ಲೇ ಇದೆ. ಹೈದರಾಲಿಯ ಸೇನೆ ಚಿತ್ರದುರ್ಗಕ್ಕೆ ಮುತ್ತಿಗೆ ಹಾಕಿದ್ದಾಗ ಕೋಟೆಯ ಕಾವಲುಗಾರ ಊಟಕ್ಕೆಂದು ಮನೆಗೆ ಬಂದಿದ್ದ. ನೀರು ತರಲು ಹೋದ ಅವನ ಹೆಂಡತಿ ಓಬವ್ವನಿಗೆ ಬಂಡೆಗಳ ನಡುವಿನ ಕಿಂಡಿಯಲ್ಲಿ ಪಿಸುಮಾತು ಕೇಳಿಸಿತು. ಆಕೆ ಒನಕೆ ಹಿಡಿದು ಕಿಂಡಿಯ ಮಗ್ಗುಲಲ್ಲಿ ನಿಂತು, ನುಸುಳಿ ಬಂದ ಒಬ್ಬೊಬ್ಬ ಸೈನಿಕನ ತಲೆಗೂ ಬಡಿದು, ಹೆಣಗಳನ್ನು ಪಕ್ಕಕ್ಕೆಳೆದು ಮುಂದಿನವನಿಗೆ ಕಾದಳು. ಈ ಕಥನವು ದುರ್ಗದ ಜನರ ನಾಲಗೆಯ ಮೇಲೆ ಉಳಿದು ಬಂದಿದೆ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಅಭಿನಯಿಸಿದ ಆ ದೃಶ್ಯವನ್ನು ಕಾಣದ ಕನ್ನಡಿಗರು ವಿರಳ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ.

ವೀರಾವೇಶದ ಚಿತ್ರಪಟಗಳಲ್ಲಿ ಮರೆಯಾಗುವ ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ಕಿಂಡಿಯಿಂದ ಬಂದವರಲ್ಲಿ ಒಬ್ಬನೂ ಓಬವ್ವನಿಗೆ ಮೊದಲು ಹೊಡೆದಿರಲಿಲ್ಲ. ಅವರ ಉದ್ದೇಶ ಆಕೆಗೆ ಖಚಿತವಾಗಿತ್ತು, ಗಂಡನ ಊಟ ಮುಗಿಯುವವರೆಗೆ ಕಾಯುವ ವ್ಯವಧಾನವಿರಲಿಲ್ಲ, ಕಿಂಡಿಯಲ್ಲಿ ಒಮ್ಮೆಗೆ ಒಬ್ಬನೇ ಬರಲು ಸಾಧ್ಯವಿತ್ತು. ಆಕೆ ಜಾಗವನ್ನೂ ಕ್ಷಣವನ್ನೂ ತಾನೇ ಆರಿಸಿಕೊಂಡಳು. ಎದುರಾಬದುರಾಗಿ ನಿಂತು ಮೊದಲ ಏಟನ್ನು ತಡೆಯಲು ಯತ್ನಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇದಕ್ಕೆ ದೇಹಶಾಸ್ತ್ರದ ಕಾರಣವೂ ಇದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು, ಏನು ಬರುತ್ತದೆಂದು ಮೊದಲೇ ಗೊತ್ತಿದ್ದರೂ ಸುಮಾರು 0.2 ಸೆಕೆಂಡು ಬೇಕು. ಎಡಗೈಯೋ ಬಲಗೈಯೋ, ಮುಖಕ್ಕೋ ಹೊಟ್ಟೆಗೋ ಎಂದು ತಿಳಿಯದಿದ್ದರೆ ಇನ್ನೂ ಹೆಚ್ಚು. ತೋಳಳತೆಯ ದೂರದಿಂದ ಬರುವ ಗುದ್ದು ಆ ವೇಳೆಗಾಗಲೇ ತಲುಪಿರುತ್ತದೆ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟುಯೆಲರ್, ಚಾಕು ಹಿಡಿದವನೊಬ್ಬ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಕ್ರಮಿಸಬಲ್ಲ ಎಂದು ತೋರಿಸಿದ್ದರು. ತರಗತಿಯಲ್ಲಿ ತಡೆ ಯಶಸ್ವಿಯಾಗುವುದು ಜೊತೆಗಾರ ಯಾವ ಏಟು ಹಾಕುತ್ತಾನೆಂದು ಮೊದಲೇ ಗೊತ್ತಿರುವುದರಿಂದ.

ಕಾನೂನು ಏನೆನ್ನುತ್ತದೆ?

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಖಾಸಗಿ ರಕ್ಷಣೆಯ ಹಕ್ಕಿಗೆ ಸಂಬಂಧಿಸಿದ ಹಳೆಯ 96ರಿಂದ 106ರವರೆಗಿನ ಕಲಮುಗಳು ಹೊಸ ಸಂಹಿತೆಯಲ್ಲಿ 34ರಿಂದ 44ರವರೆಗೆ ಬಂದಿವೆ. ಸಂಖ್ಯೆ ಬದಲಾದರೂ ತಿರುಳು ಬದಲಾಗಿಲ್ಲ.

ಈ ಚರ್ಚೆಗೆ ನೇರ ಸಂಬಂಧವಿರುವುದು 40ನೇ ಕಲಂ. ಅಪರಾಧವು ಇನ್ನೂ ನಡೆಯದಿದ್ದರೂ, ಅದರ ಪ್ರಯತ್ನದಿಂದ ಅಥವಾ ಬೆದರಿಕೆಯಿಂದ ದೇಹಕ್ಕೆ ಅಪಾಯವಿದೆ ಎಂಬ ಸಕಾರಣ ಭೀತಿ ಹುಟ್ಟಿದ ಕ್ಷಣದಲ್ಲೇ ರಕ್ಷಣೆಯ ಹಕ್ಕು ಆರಂಭವಾಗುತ್ತದೆ. ಆ ಭೀತಿ ಇರುವವರೆಗೆ ಮಾತ್ರ ಮುಂದುವರಿಯುತ್ತದೆ. ಅಂದರೆ ಮೊದಲ ಏಟು ಯಾರದು ಎಂಬುದೊಂದೇ ತೀರ್ಪಿನ ಅಳತೆಗೋಲಲ್ಲ. ಅಪಾಯವನ್ನು ಮೊದಲು ಸೃಷ್ಟಿಸಿದವರು ಯಾರು, ಅದು ಎಷ್ಟು ಹತ್ತಿರವಿತ್ತು ಎಂಬುದನ್ನು ನ್ಯಾಯಾಲಯ ನೋಡುತ್ತದೆ.

ಬೆದರಿಕೆ ಎಂದರೆ ಬರಿಯ ಮಾತೇ? ಹಲ್ಲೆಯನ್ನು ವಿವರಿಸುವ 130ನೇ ಕಲಮಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ಮಾತು ಮಾತ್ರದಿಂದ ಹಲ್ಲೆಯಾಗದು. ಆದರೆ ಕೋಲನ್ನು ಎತ್ತಿಕೊಳ್ಳುತ್ತಾ ‘ನಿನ್ನನ್ನು ಹೊಡೆಯುತ್ತೇನೆ’ ಎಂದಾಗ ಆ ಮಾತು ಕೋಲು ಎತ್ತಿದ್ದರ ಅರ್ಥವನ್ನು ಖಚಿತಗೊಳಿಸುತ್ತದೆ, ಎರಡೂ ಸೇರಿ ಹಲ್ಲೆಯಾಗುತ್ತದೆ. ಕಚ್ಚುವ ನಾಯಿಯ ಬಾಯಿಪಟ್ಟಿಯನ್ನು ಸಡಿಲಿಸತೊಡಗುವುದನ್ನೂ ಕಾನೂನು ಹಲ್ಲೆ ಎಂದೇ ಪರಿಗಣಿಸುತ್ತದೆ. ಫೋನಿನಲ್ಲಿ ನಿನ್ನೆ ಬೈದವನನ್ನು ಇಂದು ಸಂತೆಯಲ್ಲಿ ಕಂಡು ಕೆನ್ನೆಗೆ ಬಾರಿಸಿದರೆ ಮಾತ್ರ ಅದು ರಕ್ಷಣೆಯಾಗದು.

38ನೇ ಕಲಂ ಇನ್ನೂ ಮುಂದೆ ಹೋಗಿ, ದಾಳಿಕೋರನ ಸಾವು ಸಂಭವಿಸಿದರೂ ರಕ್ಷಣೆಯ ಹಕ್ಕು ಊರ್ಜಿತವಾಗುವ ಏಳು ಸಂದರ್ಭಗಳನ್ನು ಪಟ್ಟಿ ಮಾಡಿದೆ. ಸಾವು ಅಥವಾ ತೀವ್ರ ಗಾಯದ ಭೀತಿ, ಅತ್ಯಾಚಾರದ ಉದ್ದೇಶದ ಹಲ್ಲೆ, ಅಪಹರಣ, ಆ್ಯಸಿಡ್ ದಾಳಿ ಅವುಗಳಲ್ಲಿ ಸೇರಿವೆ. 2021ರ ಜನವರಿಯಲ್ಲಿ ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯಲ್ಲಿ, ಅತ್ಯಾಚಾರಕ್ಕೆ ಯತ್ನಿಸಿದವನ ಚಾಕುವನ್ನು ಕಸಿದು ಆತನನ್ನು ಇರಿದು ಕೊಂದ 19 ವರ್ಷದ ಯುವತಿ ತಾನೇ ಪೊಲೀಸರ ಮುಂದೆ ಹಾಜರಾದಾಗ, ಅವರು ಆಗಿನ 100ನೇ ಕಲಮನ್ನು ಅನ್ವಯಿಸಿ ಆಕೆಯನ್ನು ಬಿಡುಗಡೆ ಮಾಡಿದ್ದರು. ಎಲ್ಲ ಪ್ರಕರಣಗಳೂ ಠಾಣೆಯ ಮಟ್ಟದಲ್ಲೇ ಹೀಗೆ ಇತ್ಯರ್ಥವಾಗುತ್ತವೆ ಎಂದು ಯಾರೂ ಭಾವಿಸಬಾರದು. ಬಹಳಷ್ಟು ಸಂದರ್ಭಗಳಲ್ಲಿ ವಿಚಾರಣೆ ಎದುರಿಸಿಯೇ ಈ ಹಕ್ಕನ್ನು ಸ್ಥಾಪಿಸಬೇಕಾಗುತ್ತದೆ. ಸಮಾಧಾನದ ಸಂಗತಿಯೆಂದರೆ, ಆರೋಪಿಯು ಅದನ್ನು ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ; ಸಂಭಾವ್ಯತೆಯನ್ನು ತೋರಿಸಿದರೆ ಸಾಕು.

ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ನೀಡಿದ ತೀರ್ಪು ಈ ವಿಷಯದಲ್ಲಿ ಕೈಗನ್ನಡಿಯಂತಿದೆ. ಸಕಾರಣ ಭೀತಿಯೇ ಹಕ್ಕನ್ನು ಚಾಲನೆಗೆ ತರಲು ಸಾಕು, ದಾಳಿಗೊಳಗಾದವರು ತಮ್ಮ ಪ್ರತಿ ಏಟನ್ನೂ ಲೆಕ್ಕ ಹಾಕಿ ಹಾಕಬೇಕೆಂದು ನಿರೀಕ್ಷಿಸುವುದು ಅವಾಸ್ತವಿಕ, ಕಾನೂನು ಪಾಲಿಸುವ ನಾಗರಿಕ ಹೇಡಿಯಂತೆ ವರ್ತಿಸಬೇಕಿಲ್ಲ ಎಂಬ ತತ್ವಗಳನ್ನು ಅಲ್ಲಿ ಒಟ್ಟುಗೂಡಿಸಲಾಗಿದೆ. ಇದು ಹೊಸ ಮಾತಲ್ಲ. ಹಳೆಯ ಸಂಹಿತೆಯ ಕರಡನ್ನು ಸಿದ್ಧಪಡಿಸಿದ ಮೆಕಾಲೆಯ ಆಯೋಗವೇ, ಈ ದೇಶದ ಜನ ಅನ್ಯಾಯವನ್ನು ಅತಿಯಾಗಿ ಸಹಿಸಿಕೊಳ್ಳುತ್ತಾರೆ, ಆದ್ದರಿಂದ ಆತ್ಮರಕ್ಷಣೆಗೆ ನಿರ್ಬಂಧಗಳನ್ನು ಹೆಚ್ಚಿಸಬಾರದು ಎಂಬ ಅಭಿಪ್ರಾಯಕ್ಕೆ ಬಂದಿತ್ತು. ವಸಾಹತು ಆಡಳಿತಗಾರರ ಆ ಧೋರಣೆಯಲ್ಲಿ ದೊಡ್ಡಸ್ತಿಕೆ ಇದ್ದರೂ ಫಲ ಮಾತ್ರ ಪ್ರಜೆಗಳಿಗೆ ಅನುಕೂಲವಾಗಿಯೇ ಬಂದಿದೆ.

ಮಿತಿಗಳೂ ಅಷ್ಟೇ ಖಚಿತ. 37ನೇ ಕಲಮಿನ ಪ್ರಕಾರ ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಹಾನಿಯನ್ನೂ ಮಾಡುವಂತಿಲ್ಲ. ಕೆಳಗೆ ಬಿದ್ದು ಕೈ ಚೆಲ್ಲಿದವನನ್ನು ಒದೆಯುವುದು, ಓಡುತ್ತಿರುವವನನ್ನು ಬೆನ್ನಟ್ಟಿ ಹೊಡೆಯುವುದು ಸೇಡು ಎನಿಸುತ್ತದೆ, ಅಪರಾಧವೂ ಆಗುತ್ತದೆ. ಗುಂಪು ಸೇರಿ ‘ಧರ್ಮದೇಟು’ ಕೊಟ್ಟ ಸುದ್ದಿಗಳನ್ನು ಸಂಭ್ರಮದಿಂದ ಹಂಚುವವರಿಗೆ ಈ ಕಲಮನ್ನು ಒಮ್ಮೆ ಓದಿಸುವುದು ಒಳ್ಳೆಯದು.

ಕ್ರೀಡೆ ಬೇರೆ, ಬೀದಿ ಬೇರೆ

ಪದಕ ಗೆದ್ದ ಮಗಳು ಸುರಕ್ಷಿತಳು ಎಂದು ಅನೇಕ ಪೋಷಕರು ಭಾವಿಸುತ್ತಾರೆ. ಕ್ರೀಡಾ ಕರಾಟೆಯಲ್ಲೂ ಮೊದಲ ಹೆಜ್ಜೆಗೆ ಬೆಲೆಯಿದೆ ಎಂಬುದು ನಿಜ. ವಿಶ್ವ ಕರಾಟೆ ಫೆಡರೇಷನ್ ನಿಯಮದಲ್ಲಿ ಎದುರಾಳಿಗಿಂತ ಮೊದಲು ಅಂಕ ಗಳಿಸಿದವರಿಗೆ ‘ಸೆನ್ಶು’ ದೊರೆಯುತ್ತದೆ. ಪಂದ್ಯ ಸಮವಾದರೆ ಅವರೇ ವಿಜಯಿ. ಆದರೆ ಅಲ್ಲಿ ಏಟು ನಿಯಂತ್ರಿತವಾಗಿರಬೇಕು. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಪುರುಷರ 75 ಕೆ.ಜಿ. ಮೇಲ್ಪಟ್ಟವರ ಫೈನಲ್‌ನಲ್ಲಿ ಮುನ್ನಡೆಯಲ್ಲಿದ್ದ ಸೌದಿ ಅರೇಬಿಯಾದ ತಾರೆಗ್ ಹಮೇದಿ, ತಲೆಗೆ ಒದ್ದು ಇರಾನಿನ ಸಜ್ಜಾದ್ ಗಂಜ್‌ಜಾದೆಯನ್ನು ಪ್ರಜ್ಞೆ ತಪ್ಪಿಸಿದರು. ಅತಿಯಾದ ಬಲಪ್ರಯೋಗಕ್ಕಾಗಿ ಹಮೇದಿ ಅನರ್ಹಗೊಂಡರು, ನೆಲಕ್ಕುರುಳಿದ್ದವರಿಗೆ ಚಿನ್ನ ಬಂತು. ಅಂಕಣದ ನಿಯಮಕ್ಕೆ ಅದು ಸರಿ. ಕತ್ತಲ ರಸ್ತೆಯಲ್ಲಿ ತೀರ್ಪುಗಾರ ‘ಯಾಮೆ’ ಎಂದು ನಿಲ್ಲಿಸುವುದಿಲ್ಲ. ಮುಟ್ಟಿ ಹಿಂತೆಗೆಯುವ ಏಟಿನ ಅಭ್ಯಾಸ ಅಲ್ಲಿ ಮುಳುವಾಗಬಹುದು.

ಹಿಡಿತದ ವಿದ್ಯೆಗಳಲ್ಲಿ ಈ ಸಮಸ್ಯೆ ಕಡಿಮೆ. ಗರಡಿಮನೆಯ ಪೈಲ್ವಾನನಿಗೆ ಮೊದಲು ಪಟ್ಟು ಹಿಡಿದವನದೇ ಮೇಲುಗೈ ಎಂಬುದನ್ನು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ ತರಬೇತಿ ನಡೆಯುತ್ತದೆ. ಜೂಡೊದಲ್ಲಿ ಎಸೆಯುವ ಮೊದಲು ಎದುರಾಳಿಯ ಸಮತೋಲ ಕೆಡಿಸುವುದೇ ಮೊದಲ ಪಾಠ.

ಕೈಗಿಂತ ಮುಂಚೆ

ಮೊದಲ ಹೆಜ್ಜೆ ಎಂದರೆ ಮೊದಲ ಗುದ್ದು ಎಂದಷ್ಟೇ ತಿಳಿಯಬೇಕಿಲ್ಲ. ರಸ್ತೆಯ ಇನ್ನೊಂದು ಬದಿಗೆ ದಾಟುವುದು, ಬಸ್ಸಿನಲ್ಲಿ ಎದ್ದು ಕಂಡಕ್ಟರ್ ಬಳಿ ಹೋಗಿ ನಿಲ್ಲುವುದು, ಎಲ್ಲರಿಗೂ ಕೇಳುವಂತೆ ‘ದೂರ ನಿಲ್ಲು’ ಎನ್ನುವುದು ಎಲ್ಲವೂ ಅದರೊಳಗೆ ಬರುತ್ತವೆ. ಬ್ರಿಟನ್ನಿನ ತರಬೇತುದಾರ ಜೆಫ್ ಥಾಂಪ್ಸನ್ ರೂಢಿಗೆ ತಂದ ‘ಬೇಲಿ’ ಎಂಬ ನಿಲುವು ಇಲ್ಲಿ ಉಪಯುಕ್ತ. ಒಂದು ಕಾಲನ್ನು ತುಸು ಹಿಂದಿಟ್ಟು, ಎರಡೂ ಅಂಗೈಗಳನ್ನು ತೆರೆದು ಎದೆಯ ಮಟ್ಟದಲ್ಲಿ ಮುಂದೆ ಹಿಡಿಯುವುದೇ ಆ ಬೇಲಿ. ನೋಡುವವರಿಗೆ ಅದು ‘ಬೇಡ’ ಎಂಬ ಸಂಜ್ಞೆ. ಎದುರಿನವನು ಆ ಬೇಲಿಯನ್ನು ದಾಟಿ ಕೈಗಳನ್ನು ತಳ್ಳಿಕೊಂಡು ಬಂದರೆ ಅವನ ಉದ್ದೇಶ ಬಯಲಾಯಿತು; ಅಂಗೈಯಿಂದ ಗಲ್ಲಕ್ಕೋ ಮೂಗಿಗೋ ಹೊಡೆದು ಓಡಲು ಕೈಗಳು ಆಗಲೇ ಸರಿಯಾದ ಜಾಗದಲ್ಲಿರುತ್ತವೆ. ಮುಷ್ಟಿ ಬಿಗಿದು ನಿಂತಿದ್ದನ್ನು ಕಂಡ ಸಾಕ್ಷಿಯ ಹೇಳಿಕೆಗೂ, ಕೈ ಮುಂದೆ ಚಾಚಿ ‘ಬೇಡ’ ಎಂದು ಕೂಗಿದ್ದನ್ನು ಕಂಡ ಸಾಕ್ಷಿಯ ಹೇಳಿಕೆಗೂ ನ್ಯಾಯಾಲಯದಲ್ಲಿ ಬಹಳ ವ್ಯತ್ಯಾಸವಿದೆ.

ಇದಕ್ಕಿಂತ ಕಠಿಣವಾದ ಭಾಗ ಇನ್ನೊಂದಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳಲ್ಲಿ ವರ್ಷ ವರ್ಷವೂ ಕಾಣುವಂತೆ, ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರೇ. ಕತ್ತಲ ರಸ್ತೆಯ ಅಪರಿಚಿತನಿಗೆ ಹೊಡೆಯಲು ಕಲಿತ ಹುಡುಗಿ, ಮನೆಗೆ ಬಂದು ಹೋಗುವ ನೆಂಟನ ಮುಂದೆ ಕೈಕಟ್ಟಿ ನಿಲ್ಲುತ್ತಾಳೆ. ಮಾವ, ಅಣ್ಣ, ಸರ್ ಎಂದು ಕರೆದವರ ಮೇಲೆ ಕೈ ಎತ್ತಲು ಸಂಕೋಚ ಅಡ್ಡ ಬರುತ್ತದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ಚಾರ್ಲಿನ್ ಸೆನ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂಕೋಚವನ್ನೇ ಗುರಿಯಾಗಿಸಿಕೊಂಡಿತ್ತು. ಅಪಾಯವನ್ನು ಅಂದಾಜಿಸುವುದು, ಪರಿಚಿತನಿಂದಲೇ ಅದು ಬಂದಿದೆ ಎಂದು ಒಪ್ಪಿಕೊಳ್ಳುವುದು, ನಂತರ ಮಾತಿನಿಂದಲೂ ಮೈಯಿಂದಲೂ ಪ್ರತಿರೋಧಿಸುವುದು, ಇಷ್ಟನ್ನು 12 ಗಂಟೆಗಳಲ್ಲಿ ಕಲಿಸಲಾಯಿತು. ಒಂದು ವರ್ಷದ ನಂತರ ನೋಡಿದಾಗ, ಬರಿಯ ಕರಪತ್ರ ಪಡೆದ ಗುಂಪಿನಲ್ಲಿ ಶೇ 9.8ರಷ್ಟಿದ್ದ ಅತ್ಯಾಚಾರದ ಪ್ರಮಾಣ ತರಬೇತಿ ಪಡೆದವರಲ್ಲಿ ಶೇ 5.2ಕ್ಕೆ ಇಳಿದಿತ್ತು. ಅಲ್ಲಿ ಬೆಲ್ಟ್ ಇರಲಿಲ್ಲ, ಕಟಾ ಇರಲಿಲ್ಲ. ಮೂರು ತಿಂಗಳ ಸರ್ಕಾರಿ ತರಬೇತಿಯ ಅವಧಿಯಲ್ಲಿ 12 ಗಂಟೆಗಳನ್ನು ಇದಕ್ಕಾಗಿ ಮೀಸಲಿಡುವುದು ಅಸಾಧ್ಯವೇನಲ್ಲ. ಯೋಜನೆಯ ಮಾರ್ಗಸೂಚಿಯೇ ದುಪಟ್ಟಾ, ಕೀ ಗೊಂಚಲು, ಪೆನ್ನು, ಪುಸ್ತಕದ ಚೀಲಗಳನ್ನು ರಕ್ಷಣೆಯ ಸಾಧನವಾಗಿ ಬಳಸುವುದನ್ನು ಕಲಿಸಬೇಕೆನ್ನುತ್ತದೆ. ಅವುಗಳನ್ನು ಯಾವ ಕ್ಷಣದಲ್ಲಿ ಎತ್ತಬೇಕು ಎಂಬುದನ್ನೂ ಅದರ ಜೊತೆಗೇ ಹೇಳಿಕೊಡಬಹುದು.

ಘಟನೆ ನಡೆದ ನಂತರದ ಮೊದಲ ಹೆಜ್ಜೆಯೂ ಮುಖ್ಯ. ಹೊಡೆದು ತಪ್ಪಿಸಿಕೊಂಡವರು ಹೆದರಿ ಮನೆಯಲ್ಲಿ ಅಡಗಿ ಕುಳಿತರೆ, ಏಟು ತಿಂದವನೇ ಮೊದಲು ಠಾಣೆಗೆ ಹೋಗಿ ದೂರುದಾರನಾಗುವ ಸಂಭವವಿದೆ. ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದರೆ ವೇಳೆ ದಾಖಲಾಗುತ್ತದೆ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಮೈಮೇಲಿನ ತರಚು ಗಾಯ, ಹರಿದ ಬಟ್ಟೆ ಸಾಕ್ಷ್ಯವಾಗುವುದರಿಂದ ಸ್ನಾನಕ್ಕೆ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಯಾವುದೇ ಠಾಣೆಯಲ್ಲಿ ದೂರು ನೀಡಬಹುದು. ಸಿರುಗುಪ್ಪ ರಸ್ತೆಯಲ್ಲಿ ನಡೆದದ್ದಕ್ಕೆ ಬಳ್ಳಾರಿಯಲ್ಲಿ ದೂರು ಕೊಟ್ಟರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ವಾಪಸು ಕಳುಹಿಸುವಂತಿಲ್ಲ. ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಮಾಹಿತಿ ಕಳುಹಿಸಲು ಅವಕಾಶವಿದ್ದು, ಅಂಥ ಸಂದರ್ಭದಲ್ಲಿ ಮೂರು ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕಾಗುತ್ತದೆ.